ತೂಬಿನ ಗೊಂಬೆಯ ಕಿವಿಗಳು

ಒಂದು ಊರಿತ್ತು. ಹುಡುಕಿಕೊಂಡು ಹೊರಟವರಿಗೆ ಸಿಗದೆ, ದಾರಿ ತಪ್ಪಿದವರಿಗೆ ಮಾತ್ರ ಸಿಗುತ್ತಿದ್ದ ಊರು. ಅಲ್ಲಿಯೂ ಎಲ್ಲ ನಮ್ಮ ನಿಮ್ಮ ಊರಿನ ಹಾಗೇ ಅನ್ನಿ. ಬೆಳಗಾದರೆ ಒಲೆಯ ಹೊಗೆ, ಸಂಜೆಯಾದರೆ ಜಗಲಿಯ ಹರಟೆ, ನಡುವೆ ಊಟ, ಊಟದ ಮೇಲೊಂದು ಜಗಳ. ಒಂದೇ ಒಂದು ಕಟ್ಟಳೆ ಮಾತ್ರ ವಿಚಿತ್ರ. ಗೊಂಬೆ ಕೆತ್ತುವ ಉಳಿಯೊಂದನ್ನು ಬಿಟ್ಟರೆ ಆ ಊರಿನಲ್ಲಿ ಕೆಲಸದ ಸಾಮಾನನ್ನು ಮನುಷ್ಯರು ಕೈಯಿಂದ ಮುಟ್ಟುವಂತಿರಲಿಲ್ಲ.

ಬೀಸುವ ಕಲ್ಲಿರಲಿ, ರುಬ್ಬುವ ಗುಂಡಿರಲಿ, ಎಣ್ಣೆಯ ಗಾಣವಿರಲಿ, ಮಗುವಿನ ತೊಟ್ಟಿಲಿರಲಿ, ಪ್ರತಿಯೊಂದರ ಮೈಯಲ್ಲೂ ಒಂದು ಪುಟ್ಟ ಗೂಡು. ಗೂಡಿನೊಳಗೆ ಹೆಬ್ಬೆರಳೆತ್ತರದ ಮರದ ಗೊಂಬೆ. ಗೂಡಿನ ಮುಂದೆ ಕೂತು ಎರಡು ಕೋಲು ಹಿಡಿದು ತಾಳ ಹಾಕಿದರೆ ಗೊಂಬೆ ಕೇಳಿಸಿಕೊಳ್ಳುತ್ತಿತ್ತು, ಕೈಯಾಡಿಸುತ್ತಿತ್ತು. ಗೊಂಬೆ ಎಳೆಯುವುದು ಕೂದಲಿನಷ್ಟು ಸಣ್ಣ ದಾರವನ್ನು. ದಾರ ಹಗ್ಗವನ್ನು ಎಳೆಯುತ್ತಿತ್ತು, ಹಗ್ಗ ಸರಪಳಿಯನ್ನು ಎಳೆಯುತ್ತಿತ್ತು, ಸರಪಳಿ ಬಂಡೆಯನ್ನೇ ಎತ್ತುತ್ತಿತ್ತು. ಬೆಳಗ್ಗೆ ಒಂದು ತೊಟ್ಟು ಎಣ್ಣೆಯನ್ನು ಬಾಯಿಗೆ ಬಿಟ್ಟರೆ ಸಂಜೆಯವರೆಗೆ ಅದು ಇನ್ನೇನನ್ನೂ ಕೇಳುತ್ತಿರಲಿಲ್ಲ. ಇಂಥ ಕೆಲಸಕ್ಕೆ ಇಂಥ ತಾಳ ಎಂದು ಹಿರಿಯರು ಕಟ್ಟಿಟ್ಟದ್ದಕ್ಕೆ ಅವರು ಪದ ಎನ್ನುತ್ತಿದ್ದರು. ಬೀಸುವ ಪದ, ತೂಗುವ ಪದ, ದೀಪದ ಪದ, ತೂಬಿನ ಪದ.

ಊರಿಗೆ ಕೇರಿಗಳು ಎರಡು. ಮೂಡಣ ಕೇರಿಯವರದು ಭಾರದ ತಾಳ. ಅವರ ಒಂದು ಪೆಟ್ಟಿನಲ್ಲಿ ಒಂದು ಮೂಟೆ ಅರ್ಥ. ಒಮ್ಮೆ ಬಡಿದರೆ ಗೊಂಬೆ ಬಾಗಿ, ಹಿಡಿದು, ಎತ್ತಿ, ತಿರುಗಿ, ಇಳಿಸಿ ಬರಬೇಕು. ಅವರ ಗೊಂಬೆಗಳಿಗೆ ಕಿವಿ ಬಲಗಡೆ. ಪಡುವಣ ಕೇರಿಯವರದು ಹಗುರ ತಾಳ. ಬಾಗಲು ಒಂದು ಪೆಟ್ಟು, ಹಿಡಿಯಲು ಇನ್ನೊಂದು, ಎತ್ತಲು ಮತ್ತೊಂದು, ಎಲ್ಲ ಚಕಚಕ. ಅವರ ಗೊಂಬೆಗಳಿಗೆ ಕಿವಿ ಎಡಗಡೆ. ಒಂದು ಕೇರಿಯ ಪದ ಇನ್ನೊಂದು ಕೇರಿಯ ಗೊಂಬೆಗೆ ಬರಿ ಗದ್ದಲ.

ಹಿಂದೊಮ್ಮೆ ತೆಂಕಣ ಕೇರಿ ಅಂತ ಮೂರನೆಯದೂ ಇತ್ತು. ಅಲ್ಲಿ ಗೊಂಬೆ ಮಾಡುವವರ ಮನೆತನ ಅಳಿಯಿತು, ಗೊಂಬೆಗಳು ಒಂದೊಂದಾಗಿ ಬಿರುಕು ಬಿಟ್ಟವು. ಗೂಡುಗಳಲ್ಲಿ ಗುಬ್ಬಿಗಳು ಸಂಸಾರ ಹೂಡಿದವು. ಆ ಕೇರಿಯ ಒಬ್ಬ ಮುದುಕ ಮಾತ್ರ ಕಟ್ಟೆಯ ಮೇಲೆ ಕೂತು, ಕೇಳುವ ಗೊಂಬೆಯಿಲ್ಲದ ಒಂದು ಪದವನ್ನು ದಿನವಿಡೀ ತೊಡೆಯ ಮೇಲೆ ಬಡಿದುಕೊಳ್ಳುತ್ತಿದ್ದ. ಹೋಗಿ ಬರುವವರು ಪಾಪ ಅಂದುಕೊಂಡು ಮುಂದೆ ಹೋಗುತ್ತಿದ್ದರು.

ಈಗ ಮೂಡಣ ಕೇರಿಗೂ ಅದೇ ಗತಿ ಬಂದಿತ್ತು. ಅವರ ಕಡೆಯ ಗೊಂಬೆಗಾರ ಕಣ್ಣು ಮುಚ್ಚಿದ್ದ. ಮೊದಲು ಗಾಣದ ಗೊಂಬೆ ನಿಂತಿತು, ಆಮೇಲೆ ತೊಟ್ಟಿಲುಗಳದ್ದು. ಕೊನೆಗೆ ಒಂದು ಬೆಳಗ್ಗೆ ಹಲಗೆಯೆತ್ತಿ ಕೆರೆಯ ನೀರನ್ನು ಕಾಲುವೆಗೆ ಬಿಡುವ ತೂಬಿನ ಗೊಂಬೆ ನೆತ್ತಿಯಿಂದ ಹೊಟ್ಟೆಯವರೆಗೆ ಸೀಳಿಕೊಂಡಿತು.

ತೂಬಿನ ಪದ ಬಡಿಯುತ್ತಿದ್ದವಳನ್ನು ಊರು ತೂಬಿನಮ್ಮ ಎನ್ನುತ್ತಿತ್ತು. ಅವಳ ಸೊಸೆ ಗೊಂಬೆಗಾರ್ತಿ. ಪಡುವಣ ಕೇರಿಯಲ್ಲಿ ಹುಟ್ಟಿದವಳು, ಅಪ್ಪನ ಉಳಿಯನ್ನೇ ಬಳುವಳಿಯಾಗಿ ತಂದವಳು. ಇಬ್ಬರ ನಡುವೆ ಪ್ರೀತಿ ಇರಲಿಲ್ಲ ಅಂತಲ್ಲ. ಇತ್ತು, ಆದರೆ ಅದು ಬೈಗುಳದ ಬಟ್ಟೆ ತೊಟ್ಟುಕೊಂಡೇ ಓಡಾಡುತ್ತಿತ್ತು.

"ನಿಮ್ಮ ಕೇರಿಯವರು ಒಂದು ಚೊಂಬು ನೀರು ತರಿಸೋಕೆ ಏಳು, ಬಾಗು, ಹಿಡಿ, ಎತ್ತು ಅಂತ ಬಡಿದೂ ಬಡಿದೂ ಕೋಲು ಸವೆಸ್ತೀರಲ್ಲೇ," ಎಂದು ಅತ್ತೆ.

"ನಿಮ್ಮದು ಒಂದು ಪೆಟ್ಟು ಮುಗಿಯೋದರೊಳಗೆ ನಮ್ಮಲ್ಲಿ ಊಟ ಮುಗಿದು ಎಲೆ ತೆಗೆದಿರ್ತೀವಿ ಅತ್ತೆ," ಎಂದು ಸೊಸೆ.

ತೂಬಿನ ಗೊಂಬೆ ಸೀಳಿದ ದಿನ ಮಾತ್ರ ಆ ಮನೆಯಲ್ಲಿ ಬೈಗುಳ ಕೇಳಿಸಲಿಲ್ಲ.

ಊರಿನ ಯಜಮಾನ ಕೆರೆಯ ಏರಿಯ ಮೇಲೆ ಎಲ್ಲರನ್ನೂ ಸೇರಿಸಿದ. ಕೆಟ್ಟ ಮನುಷ್ಯನಲ್ಲ; ಬೇಗ ಬೇಗ ಒಳ್ಳೆಯದು ಮಾಡಿಬಿಡಬೇಕೆನ್ನುವ ಮನುಷ್ಯ. "ಇನ್ನು ಎಲ್ಲ ಗೂಡಿಗೂ ಪಡುವಣದ ಗೊಂಬೆಯೇ," ಎಂದ. "ತೂಬಿಗೆ ಹೊಸ ಪದ ನಾನೇ ಕಟ್ತೀನಿ. ಹಳೇದನ್ನ ಮರೆತುಬಿಡಿ. ಏನಿದೆ ಅದರಲ್ಲಿ? ಹಲಗೆ ಎತ್ತು, ಹಲಗೆ ಇಳಿಸು."

ತೂಬಿನಮ್ಮ ಎದ್ದು ನಿಂತಳು. "ಏನಿದೆಯಾ? ಒಂದೊಂದು ಮಹಾಮಳೆ ಬಂದಾಗ ಒಂದೊಂದು ಸಾಲು ಸೇರಿದೆ ಯಜಮಾನರೇ. ಈ ಸಾಲು ನನ್ನ ಅತ್ತೆ ಹಾಕಿದ್ದು, ಏರಿ ಜಿನುಗಿದ ವರ್ಷ. ಇದು ಅವರ ಅತ್ತೆಯದು, ಮರದ ದಿಮ್ಮಿ ತೇಲಿಬಂದು ತೂಬಿಗೆ ಸಿಕ್ಕಿಕೊಂಡಾಗ. ಅದಕ್ಕೂ ಹಿಂದಿನವು ಯಾಕೆ ಅಂತ ನನಗೇ ಗೊತ್ತಿಲ್ಲ, ಕೈ ಹೋಗತ್ತೆ ಅಷ್ಟೆ. ಗೊತ್ತಿಲ್ಲದ್ದನ್ನ ನೀವು ಹೊಸದಾಗಿ ಹೇಗೆ ಕಟ್ತೀರಿ?"

"ಕೇಳೋ ಗೊಂಬೆ ಇಲ್ಲದೆ ಇದ್ದಮೇಲೆ ಪದ ಇಟ್ಕೊಂಡು ಏನಮ್ಮ ಮಾಡ್ತೀಯ? ತೆಂಕಣ ಕೇರಿಯವನ ಹಾಗೆ ತೊಡೆ ಬಡಿದುಕೊಂಡು ಕೂರ್ತೀಯಾ?"

ತೂಬಿನಮ್ಮ ಕೈಯ ಕೋಲುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡದ್ದು ಗೊಂಬೆಗಾರ್ತಿಗೆ ಕಾಣಿಸಿತು. ತಾನೇನು ಹೇಳುತ್ತಿದ್ದೇನೆ ಎಂದು ಯೋಚಿಸುವ ಮೊದಲೇ ಅವಳು ಹೇಳಿಬಿಟ್ಟಳು. "ನಾನು ಮಾಡಿಕೊಡ್ತೀನಿ. ಎರಡೂ ಕೇರಿಯ ಪದ ಕೇಳೋ ಗೊಂಬೆ."

ಏರಿ ಪೂರ್ತಿ ನಕ್ಕಿತು. ಯಜಮಾನನೂ ನಕ್ಕ. ಆದರೆ ಒಪ್ಪಿದ. "ಮೊದಲ ಮಳೆಯ ತನಕ ಬಿಡ್ತೀನಿ. ಗೂಡು ಅಗಲ ಮಾಡೋ ಹಾಗಿಲ್ಲ, ಆ ಕಲ್ಲು ಕೆತ್ತಿದರೆ ಏರಿಯೇ ಸಡಿಲ ಆಗತ್ತೆ. ದಿನಕ್ಕೆ ಒಂದೇ ತೊಟ್ಟು ಎಣ್ಣೆ. ಆಗದಿದ್ದರೆ ಮೂಡಣದ ಪದಗಳನ್ನ ಎಲ್ಲರೂ ಬಿಡಬೇಕು."

ಗೊಂಬೆಗಾರ್ತಿ ಮೊದಲು ಮಾಡಿದ್ದು ಯಾರಿಗಾದರೂ ಮೊದಲು ಹೊಳೆಯುವಂಥದ್ದೇ. ರುಬ್ಬುಗುಂಡಿನಲ್ಲಿದ್ದ ಮೂಡಣದ ಗೊಂಬೆಯ ಹೊರಮೈಯನ್ನೂ ತನ್ನದೊಂದು ಗೊಂಬೆಯನ್ನೂ ತೆಳ್ಳಗೆ ಕೆತ್ತಿ, ಬೆನ್ನಿಗೆ ಬೆನ್ನು ಕಟ್ಟಿ ಒಂದೇ ಗೂಡಿಗೆ ತುರುಕಿದಳು. ಮನೆಯ ರುಬ್ಬುಗುಂಡಿನಲ್ಲಿ ಪರೀಕ್ಷೆ. ಅತ್ತೆ ಕೋಲೆತ್ತಿದ್ದೇ ತಡ, ಒಂದು ಗೊಂಬೆ ಗುಂಡನ್ನು ಬಲಕ್ಕೆಳೆಯಿತು, ಏನೂ ಅರ್ಥವಾಗದ ಇನ್ನೊಂದು ಗಾಬರಿಯಾಗಿ ಎಡಕ್ಕೆಳೆಯಿತು. ಒಂದು ತೊಟ್ಟು ಎಣ್ಣೆಗೆ ಎರಡೂ ಬಾಯಿ ಕಿತ್ತಾಡಿದವು. ಗುಂಡು ನಡುವೆ ನಿಂತು ನಡುಗಿತು, ಹಿಟ್ಟು ಗೋಡೆಗೆ ಹಾರಿತು.

"ನಾವಿಬ್ಬರು ಒಂದೇ ಅಡುಗೆಮನೇಲಿ ನಿಂತ ಹಾಗಾಯ್ತು," ಎಂದಳು ಅತ್ತೆ, ಮುಖದ ಮೇಲಿನ ಹಿಟ್ಟು ಒರೆಸಿಕೊಳ್ಳುತ್ತಾ.

ಎರಡನೆಯ ಸಲ ಗೊಂಬೆ ಒಂದೇ. ಆದರೆ ಅದರ ಭುಜದ ಮೇಲೆ ಅಕ್ಕಿಕಾಳಿನಷ್ಟು ಮರಿಗೊಂಬೆಯೊಂದನ್ನು ಕೂರಿಸಿದಳು. ಮರಿ ಮೂಡಣದ ಪೆಟ್ಟು ಕೇಳಬೇಕು, ಅತ್ತೆ ಹೇಳಿಕೊಟ್ಟ ಅರ್ಥದಂತೆ ಪಡುವಣದ ಪೆಟ್ಟುಗಳಾಗಿ ಬಿಡಿಸಿ ದೊಡ್ಡದರ ಕಿವಿಯಲ್ಲಿ ಬಡಿಯಬೇಕು. ಕೆಲಸವೇನೋ ತಪ್ಪಿಲ್ಲದೆ ಆಯಿತು. ಆದರೆ ಮರಿ ಕೇಳಿ, ಯೋಚಿಸಿ, ಬಿಡಿಸಿ, ಬಡಿದು, ದೊಡ್ಡದು ಕೈಯೆತ್ತಿ... ಬೆಳಗಿನ ದೋಸೆಗೆಂದು ನೆನೆಹಾಕಿದ ಅಕ್ಕಿ ರುಬ್ಬಿ ಮುಗಿಯುವ ಹೊತ್ತಿಗೆ ಬಿಸಿಲು ಅಂಗಳ ದಾಟಿ ಹೋಗಿತ್ತು.

"ಒಳ್ಳೇ ಗೊಂಬೆ ಕಣೇ," ಎಂದಳು ಅತ್ತೆ. "ಈ ವರ್ಷದ ಪ್ರವಾಹಕ್ಕೆ ಮುಂದಿನ ವರ್ಷ ತೂಬು ತೆಗೆಯತ್ತೆ."

ಗೊಂಬೆಗಾರ್ತಿ ಉಳಿ ಕೆಳಗಿಟ್ಟಳು. ಪಡುವಣದ ಗೊಂಬೆಯ ಒಡಲು ಅವಳಿಗೆ ಅಂಗೈಯಷ್ಟು ಪರಿಚಯ. ಮೂಡಣದ ಗೊಂಬೆಯ ಒಡಲನ್ನು ಅವಳಷ್ಟೇ ಅಲ್ಲ, ಬದುಕಿರುವ ಯಾರೂ ನೋಡಿರಲಿಲ್ಲ. ಸತ್ತ ಗೊಂಬೆಯನ್ನು ಬಿಚ್ಚಬಾರದು, ವೀಳ್ಯದೆಲೆಯಲ್ಲಿ ಮಲಗಿಸಿ ಕೆರೆಯಲ್ಲಿ ತೇಲಿಬಿಡಬೇಕು ಎನ್ನುವುದು ಆ ಕೇರಿಯ ನೇಮ. ತೂಬಿನ ಗೊಂಬೆ ಇನ್ನೂ ದೇವರ ಮುಂದೆ ಎಲೆಯ ಮೇಲೆ ಮಲಗಿತ್ತು. ತೇಲಿಬಿಡಲು ತೂಬಿನಮ್ಮನಿಗೆ ಮನಸ್ಸೇ ಬಂದಿರಲಿಲ್ಲ.

"ಅತ್ತೆ, ಅದನ್ನ ಒಂದು ಸಲ ಬಿಚ್ಚಿ ನೋಡಲಾ?"

"ನಿನ್ನ ನಾಲಗೆ ಸೇದಿಹೋಗಾ!" ಎಂದು ಅತ್ತೆ ಎದ್ದು ಹಿತ್ತಲಿಗೆ ಹೋದಳು. ಒಳಗೆ ಬಂದಾಗ ಕೈ ತೊಳೆದುಕೊಂಡು ಬಂದಿದ್ದಳು. ತಾನೇ ಗೊಂಬೆಯನ್ನೆತ್ತಿ ಸೊಸೆಯ ಮಡಿಲಿಗೆ ಹಾಕಿದಳು. "ನೋವಾಗದ ಹಾಗೆ ಬಿಚ್ಚು," ಎಂದಳು. ಪಕ್ಕದಲ್ಲೇ ಕೂತಳು, ಕಣ್ಣು ಮಾತ್ರ ಮುಚ್ಚಿಕೊಂಡು.

ಗೊಂಬೆಗಾರ್ತಿ ಮೆಲ್ಲಗೆ ಎದೆ ತೆರೆದಳು. ಕರಟದ ಚೂರಿನಿಂದ ಮಾಡಿದ ಕಿವಿ. ಕಿವಿಯಲ್ಲಿ ಒಂದೊಂದು ಪೆಟ್ಟಿಗೆ ಒಂದೊಂದು ಕಚ್ಚು. ಕಚ್ಚಿನಿಂದ ಹೊರಟ ಎಳೆಗಳು ಗೋಜಲಾಗಿ, ಕವಲಾಗಿ, ಕೆಳಗಿಳಿದಿದ್ದವು. ಅವಳು ಎಳೆಗಳನ್ನು ಹಿಡಿದು ಇಳಿದಳು. ಇಳಿದು ಇಳಿದು ತಳ ಮುಟ್ಟಿದಳು. ತಳದಲ್ಲಿ ಸಾಲಾಗಿ ಸಣ್ಣ ಸಣ್ಣ ಗೂಟಗಳು. ಬಾಗುವ ಗೂಟ. ಹಿಡಿಯುವ ಗೂಟ. ಎತ್ತುವ, ಇಳಿಸುವ, ತಿರುಗುವ, ಎರಡನ್ನು ಹೋಲಿಸಿ ನೋಡುವ ಗೂಟ.

"ಅತ್ತೆ, ಕಣ್ಣು ಬಿಡಿ. ಇಲ್ಲಿ ನೋಡಿ, ಇವು ನಮ್ಮವೇ!"

"ಏನು ನಿಮ್ಮವು?"

"ಇದೇ ಗೂಟಗಳು. ನಮ್ಮಪ್ಪ ಕಲಿಸಿದ್ದೇ. ನಿಮ್ಮ ಒಂದು ಪೆಟ್ಟು ಒಳಗೆ ಹೋಗಿ ನಮ್ಮ ಸಣ್ಣ ಪೆಟ್ಟುಗಳಾಗೇ ಬಿಡಿಸಿಕೊಳ್ಳತ್ತೆ. ಕಿವಿಯಿಂದ ಕೆಳಗೆ ನಾವೆಲ್ಲ ಒಂದೇ ಅತ್ತೆ!"

ತೂಬಿನಮ್ಮ ಬಗ್ಗಿ ನೋಡಿದಳು. ಜೀವಮಾನವೆಲ್ಲ ಮಾತಾಡಿಸಿದ ಗೊಂಬೆಯ ಹೊಟ್ಟೆಯೊಳಗೆ ಬೀಗರ ಮನೆಯ ಗೂಟಗಳು. "ಯಾರಿಗೂ ಹೇಳಬೇಡ," ಎಂದಳು ಮೊದಲು. ಆಮೇಲೆ ಅವಳಿಗೇ ನಗು ಬಂತು.

ಗೊಂಬೆಯನ್ನು ಮತ್ತೆ ಮುಚ್ಚಿ, ರೇಷ್ಮೆ ದಾರ ಸುತ್ತಿ, ಎಲೆಯ ಮೇಲೆ ಮಲಗಿಸಿ ಇಬ್ಬರೂ ಕೆರೆಗೆ ತೇಲಿಬಿಟ್ಟರು. ಅದು ಬಿಸಿಲಿನಲ್ಲಿ ಹೊಳೆಯುತ್ತಾ ನಡುನೀರಿಗೆ ಹೋಯಿತು.

ಮೂರನೆಯ ಗೊಂಬೆ ಹುಟ್ಟಿದ್ದು ಹೀಗೆ. ಒಡಲು ಒಂದು, ಕೈ ಒಂದೇ ಜೊತೆ, ಗೂಟಗಳ ಸಾಲು ಒಂದು. ಕಿವಿ ಮಾತ್ರ ಎರಡು. ಬಲಕ್ಕೆ ಮೂಡಣದ ಕಿವಿ, ಎಡಕ್ಕೆ ಪಡುವಣದ ಕಿವಿ. ಗೂಡಿನ ಬಲಗಲ್ಲನ್ನು ತಟ್ಟಿದರೆ ತಲೆ ಹೊರಳಿಸಿ ಬಲಗಿವಿ ಕೊಡುತ್ತಿತ್ತು, ಎಡಗಲ್ಲನ್ನು ತಟ್ಟಿದರೆ ಎಡಗಿವಿ. ಅರ್ಥ ಬಿಡಿಸುವ ಕೆಲಸ ಮರಿಗೊಂಬೆಯ ತಲೆಯಲ್ಲಿರಲಿಲ್ಲ; ಕಿವಿಯ ಕಚ್ಚಿನಲ್ಲೇ ಇತ್ತು, ಅದಕ್ಕೇ ತಡವಿರಲಿಲ್ಲ. ರುಬ್ಬುಗುಂಡಿನ ಮುಂದೆ ಅತ್ತೆ ಒಂದು ಪದ ಬಡಿದಳು, ಸೊಸೆ ಒಂದು ಪದ ಬಡಿದಳು. ಚಟ್ನಿ ನುಣ್ಣಗಾಯಿತು. ತಿಂದು ನೋಡಿದರೆ ಯಾವ ಕೇರಿಯ ಚಟ್ನಿ ಎಂದು ಹೇಳುವ ಹಾಗಿರಲಿಲ್ಲ.

ಹಿಗ್ಗಿನಲ್ಲಿ ಗೊಂಬೆಗಾರ್ತಿ ತೂಬಿನ ಪದಕ್ಕೆ ಕಿವಿ ಕೊರೆಯಲು ಕೂತಳು. ಅತ್ತೆ ಒಂದೊಂದಾಗಿ ಪೆಟ್ಟು ಹಾಕುವುದು, ಸೊಸೆ ಒಂದೊಂದಾಗಿ ಕಚ್ಚು ಕೊರೆಯುವುದು. ನಡುವೆ ಒಂದು ಪೆಟ್ಟು ಬಂತು, ಕೋಲು ಗಾಳಿಯಲ್ಲಾಡಿ ಕಲ್ಲಿಗೆ ಮೆತ್ತಗೆ ತಾಗುವಂಥದ್ದು.

"ಇದೇನು ಮಾಡತ್ತೆ?"

"ಏನೂ ಮಾಡಲ್ಲ. ಅದು ಬರಿಪೆಟ್ಟು."

"ಮತ್ತೆ ಯಾಕಿದೆ?"

"ಇದೆ, ಅಷ್ಟೆ. ಪದದ ತುಂಬಾ ಇದೆ. ನನ್ನ ಅತ್ತೆ ಹಾಕ್ತಿದ್ದರು, ನಾನೂ ಹಾಕ್ತೀನಿ."

ಪಡುವಣ ಕೇರಿಯಲ್ಲಿ ಏನೂ ಮಾಡದ ಪೆಟ್ಟು ಎನ್ನುವುದೇ ಇಲ್ಲ. ಅಲ್ಲಿ ಸುಮ್ಮನೆ ಕೂತವರನ್ನು ಕಂಡರೆ ಮೈ ಸರಿಯಿಲ್ಲವೇ ಎಂದು ಕೇಳುತ್ತಾರೆ. ಏನೂ ಮಾಡದ್ದಕ್ಕೆ ಕಚ್ಚು ಯಾಕೆ ಎಂದು ಗೊಂಬೆಗಾರ್ತಿ ಅದನ್ನು ಬಿಟ್ಟಳು. ಹಳೆಯ ಗೊಂಬೆ ದಣಿವಾರಿಸಿಕೊಳ್ಳಲು ಇದ್ದಿರಬೇಕು; ಇಷ್ಟು ಒಳ್ಳೆಯ ಗೊಂಬೆಗೆ ಅದು ಯಾಕೆ? ಅತ್ತೆಗೆ ಹೇಳಲೂ ಇಲ್ಲ.

ಪರೀಕ್ಷೆಯ ದಿನ ಊರೆಲ್ಲ ಏರಿಯ ಮೇಲೆ. ಬಲಗಲ್ಲು ತಟ್ಟಿದಳು ತೂಬಿನಮ್ಮ. ಗೊಂಬೆ ತಲೆ ಹೊರಳಿಸಿತು. ಜನ ಅಬ್ಬಾ ಎಂದರು. ಪದ ಶುರುವಾಯಿತು, ಹಲಗೆ ಎದ್ದಿತು, ನೀರು ನುಗ್ಗಿತು. ಬರಿಪೆಟ್ಟು ಬಂದಲ್ಲಿ ಗೊಂಬೆ ನಿಲ್ಲಲಿಲ್ಲ, ಕಚ್ಚಿಲ್ಲದ ಆ ಪೆಟ್ಟನ್ನೇ ಮುಂದಿನ ಪೆಟ್ಟೆಂದುಕೊಂಡು ಹಾರಿತು. ಹಲಗೆ ಇನ್ನೂ ಎದ್ದಿತು. ಇನ್ನೂ ಎದ್ದಿತು. ಕೆಳಗಿನ ಕಲ್ಲುಕಾಲುವೆಯ ಗಂಟಲಲ್ಲಿ ಏನೋ ಗುಡುಗಿತು. ಹೋದ ನೀರು ವಾಪಸು ಎದ್ದು ಬಂದು, ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರನ್ನೆಲ್ಲ ತೋಯಿಸಿ, ಕಾಲುವೆಯ ಒಂದು ಚಪ್ಪಡಿಯನ್ನೇ ಕಿತ್ತು ಬದಿಗೆಸೆಯಿತು.

ಯಜಮಾನ ಪಂಚೆ ಹಿಂಡಿಕೊಳ್ಳುತ್ತಾ ಎದ್ದ. "ಆಯ್ತಲ್ಲ ತಾಯಿ, ಸ್ನಾನವೂ ಆಯ್ತು. ನಾಳೆಯಿಂದ ತೂಬಿಗೆ ನನ್ನ ಪದ."

ಮನೆಗೆ ಬಂದವಳೇ ಗೊಂಬೆಗಾರ್ತಿ ಸಿಟ್ಟಿನಲ್ಲಿ ಬಚ್ಚಲಿಗೆ ಹೋದಳು. ಕೊಳಗದ ನೀರನ್ನೆಲ್ಲ ಒಂದೇ ಸಲ ಸುರಿದಳು. ಮೋರಿಯ ಬಾಯಿ ಗೊಳಗೊಳ ಎಂದು ನೀರನ್ನೆಲ್ಲ ಹಿಂದಕ್ಕುಗುಳಿತು. ಅವಳ ಕಾಲು, ಸೀರೆಯ ಅಂಚು, ಎಲ್ಲ ಕೊಚ್ಚೆ.

ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಚೊಂಬು ತೆಗೆದುಕೊಂಡು ಒಂದಿಷ್ಟು ಸುರಿದಳು. ಕೈ ತಾನಾಗಿ ತೊಡೆಯ ಮೇಲೆ ಒಮ್ಮೆ ಮೆತ್ತಗೆ ಬಿತ್ತು. ಮತ್ತೊಂದಿಷ್ಟು ಸುರಿದಳು. ಮತ್ತೆ ಕೈ ಬಿತ್ತು. ನೀರು ಸದ್ದಿಲ್ಲದೆ ಹೋಯಿತು.

ಗೊಂಬೆಗಾರ್ತಿ ಅತ್ತೆಯ ಕೈಯನ್ನೇ ನೋಡಿದಳು. "ಅತ್ತೆ, ಈಗ ತೊಡೆ ಮೇಲೆ ಹಾಕಿದಿರಲ್ಲ, ಅದೇನು?"

"ಏನು ಹಾಕಿದೆ? ನೀರು ಉಸಿರಾಡಿಕೊಳ್ಳಲಿ ಅಂತ..." ಎಂದವಳು ಅಲ್ಲಿಗೇ ನಿಂತಳು. ತನ್ನ ಕೈಯನ್ನು ತಾನೇ ನೋಡಿಕೊಂಡಳು.

"ಬರಿಪೆಟ್ಟು ಗೊಂಬೆಗಲ್ಲ, ನೀರಿಗೆ," ಎಂದಳು ಗೊಂಬೆಗಾರ್ತಿ. "ಹೋದ ನೀರು ದಾರಿ ಮಾಡಿಕೊಳ್ಳೋವರೆಗೆ ಕಾಯೋದು. ನಾನು ಅದನ್ನ ಕೊರೆಯಲೇ ಇಲ್ಲ ಅತ್ತೆ. ಏನೂ ಮಾಡದ್ದು ಅಂತ ಬಿಟ್ಟುಬಿಟ್ಟೆ."

"ನಾನೂ ಏನೂ ಮಾಡಲ್ಲ ಅಂತಲೇ ತಾನೇ ಹೇಳಿದ್ದು," ಎಂದಳು ತೂಬಿನಮ್ಮ. "ಸೀರೆ ಬದಲಾಯಿಸಿ ಉಳಿ ತಗೋ."

ಎಲ್ಲಕ್ಕಿಂತ ಕಷ್ಟದ ಕಚ್ಚು ಅದೇ ಆಯಿತು ನೋಡಿ. ಬಾಗುವುದನ್ನು ಕೆತ್ತಬಹುದು, ಎತ್ತುವುದನ್ನು ಕೆತ್ತಬಹುದು. ಕೈ ಸಿದ್ಧವಾಗಿದ್ದೂ ಆಡದಿರುವುದನ್ನು ಹೇಗೆ ಕೆತ್ತುವುದು? ಆಳ ಹೆಚ್ಚಾದರೆ ಗೊಂಬೆ ನಿದ್ದೆ ಹೋಗುತ್ತಿತ್ತು, ಕಡಿಮೆಯಾದರೆ ಮುಂದಕ್ಕೆ ಹಾರುತ್ತಿತ್ತು. ಅತ್ತೆ ಬಚ್ಚಲಲ್ಲಿ ನೀರು ಸುರಿಯುವುದು, ಸೊಸೆ ಉಗುರಿನಂಚಿನಷ್ಟು ಕೊರೆಯುವುದು. ಮತ್ತೆ ಸುರಿಯುವುದು, ಮತ್ತೆ ಕೊರೆಯುವುದು. ಹೀಗೆ ಕೊರೆಯುತ್ತಿರುವಾಗಲೇ ಹೊರಗೆ ಆಕಾಶ ಕಪ್ಪಾಯಿತು, ಮೊದಲ ಮಳೆ ಬಂತು.

ಬಂತು ಅಂದರೆ ಬರಲಿಲ್ಲ, ಬಿದ್ದಿತು. ಮಧ್ಯಾಹ್ನದ ಹೊತ್ತಿಗೆ ಕೆರೆ ಅಂಚಿಗೆ ಏರಿತ್ತು. ಗೊಂಬೆಗಾರ್ತಿ ಗೊಂಬೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಅತ್ತೆಯ ಕೈ ಹಿಡಿದು ಏರಿಗೆ ಬಂದಾಗ, ಯಜಮಾನ ಮೊಣಕಾಲು ನೀರಿನಲ್ಲಿ ಕೂತು ತನ್ನ ಹೊಸ ಪದವನ್ನು ಬಡಿಯುತ್ತಿದ್ದ. ಹಲಗೆ ಎತ್ತು ಎಂದು ಬಡಿದರೆ ಕಾಲುವೆ ಉಕ್ಕಿ ವಾಪಸು ಬರುತ್ತಿತ್ತು. ಇಳಿಸು ಎಂದು ಬಡಿದರೆ ಕೆರೆ ಏರಿಯ ಮೇಲೆ ಹರಿಯಲು ನೋಡುತ್ತಿತ್ತು. ಎತ್ತು, ಇಳಿಸು, ಎತ್ತು, ಇಳಿಸು. ಏರಿಯ ಮಣ್ಣು ಅಲ್ಲಲ್ಲಿ ಜಿನುಗತೊಡಗಿತ್ತು. ಕೆಳಗೆ ಎರಡೂ ಕೇರಿಯ ಹೆಂಚುಗಳು ಒಂದೇ ಮಳೆಯಲ್ಲಿ ನೆನೆಯುತ್ತಿದ್ದವು.

ಅವನು ತಲೆಯೆತ್ತಿ ಇಬ್ಬರನ್ನೂ ನೋಡಿದ. ಕೋಲು ಕೆಳಗಿಟ್ಟ. "ಕೂತ್ಕೊಳ್ಳಮ್ಮ," ಎಂದು ಸರಿದು ಜಾಗ ಬಿಟ್ಟ.

ಗೊಂಬೆಗಾರ್ತಿ ಗೂಡಿನಲ್ಲಿದ್ದ ಪಡುವಣದ ಗೊಂಬೆಯನ್ನು ತೆಗೆದು ತನ್ನದನ್ನು ಇಟ್ಟಳು. ಒಂದು ತೊಟ್ಟು ಎಣ್ಣೆ ಬಿಟ್ಟಳು. ತೂಬಿನಮ್ಮ ಬಲಗಲ್ಲು ತಟ್ಟಿದಳು. ಗೊಂಬೆ ತಲೆ ಹೊರಳಿಸಿತು.

ಮೊದಲ ಪೆಟ್ಟು. ದಾರ ಹಗ್ಗವನ್ನು ಎಳೆಯಿತು, ಹಗ್ಗ ಸರಪಳಿಯನ್ನು ಎಳೆಯಿತು, ಸರಪಳಿ ಹಲಗೆಯನ್ನು ಎತ್ತಿತು. ನೀರು ನುಗ್ಗಿತು. ಮತ್ತೊಂದು ಪೆಟ್ಟು, ಹಲಗೆ ಇನ್ನಷ್ಟು. ಆಮೇಲೆ ಕೋಲು ಗಾಳಿಯಲ್ಲಾಡಿ ಮೆತ್ತಗೆ ಕಲ್ಲಿಗೆ ತಾಗಿತು. ಗೊಂಬೆ ಕೈಯೆತ್ತಿದಂತೆಯೇ ನಿಂತುಬಿಟ್ಟಿತು.

"ನಿಂತೋಯ್ತು!" ಯಜಮಾನ ಕೂಗಿದ. "ನಿಂತೇ ಹೋಯ್ತು!"

"ನಿಂತಿಲ್ಲ," ಎಂದಳು ತೂಬಿನಮ್ಮ. "ಕಾಯ್ತಿದೆ."

ಊರೆಲ್ಲ ಕಾಲುವೆಯ ಕಡೆ ಕಿವಿಗೊಟ್ಟಿತು. ಕಾಲುವೆಯೊಳಗೆ ನೀರು ದೂರ ಹೋದ ಸದ್ದು ಕೇಳಿಸಿತು. ತಿರುವಿಗೆ ಬಡಿದ ಸದ್ದು. ಹಿಂದಿರುಗಿ ಬರಲು ನೋಡಿ, ಬೇಡವೆಂದುಕೊಂಡು, ತಗ್ಗಿಗೆ ಇಳಿದುಹೋದ ಸದ್ದು. ಆಗ ಮುಂದಿನ ಪೆಟ್ಟು ಬಿತ್ತು, ಗೊಂಬೆಯ ಕೈ ಆಡಿತು. ಏರಿ ಜಿನುಗಿದ ವರ್ಷದ ಸಾಲು ಬಂತು, ದಿಮ್ಮಿ ತೇಲಿಬಂದ ವರ್ಷದ ಸಾಲು ಬಂತು, ಯಾಕೆಂದು ಯಾರಿಗೂ ಗೊತ್ತಿಲ್ಲದ ಸಾಲುಗಳು ಬಂದವು, ನಡುನಡುವೆ ಬರಿಪೆಟ್ಟುಗಳು ಬಂದವು. ಎತ್ತುವಷ್ಟು ಎತ್ತಿ, ಕಾಯುವಷ್ಟು ಕಾದು, ಸಂಜೆಯ ಹೊತ್ತಿಗೆ ಕೆರೆ ಅಂಚಿನಿಂದ ಕೆಳಗಿಳಿಯಿತು.

ಮೋಡ ಹರಿದು ಒಂದಿಷ್ಟು ಬಿಸಿಲು ಬಂದಾಗ ತೂಬಿನಮ್ಮ ಕೋಲುಗಳನ್ನು ಸೊಸೆಯ ಮುಂದೆ ಚಾಚಿದಳು. "ಮಹಾಮಳೆ ಬಂತಲ್ಲ. ಒಂದು ಸಾಲು ಸೇರಬೇಕು. ಈ ಸಲದ್ದು ನಿನ್ನದು."

"ನನಗೆ ನಿಮ್ಮ ತಾಳ ಎಲ್ಲಿ ಬರತ್ತೆ ಅತ್ತೆ?"

"ನಿನ್ನದರಲ್ಲೇ ಹಾಕೇ. ಅದಕ್ಕೇ ತಾನೇ ಇನ್ನೊಂದು ಕಿವಿ ಇಟ್ಟಿರೋದು?"

ಗೊಂಬೆಗಾರ್ತಿ ಎಡಗಲ್ಲು ತಟ್ಟಿದಳು. ಗೊಂಬೆ ಈ ಕಡೆ ತಿರುಗಿತು. ಅವಳು ಬಾಗು, ಹಿಡಿ ಎಂದು ಚಕಚಕ ಬಡಿದಳು. ಆಮೇಲೆ, ಪಡುವಣ ಕೇರಿ ಹುಟ್ಟಿದಂದಿನಿಂದ ಯಾರೂ ಮಾಡದ್ದನ್ನು ಮಾಡಿದಳು. ಕೋಲನ್ನು ಗಾಳಿಯಲ್ಲಾಡಿಸಿ ಮೆತ್ತಗೆ ಕಲ್ಲಿಗೆ ತಾಗಿಸಿದಳು. ಪಡುವಣದ ಕಿವಿಯಲ್ಲೂ ಆ ಒಂದು ಕಚ್ಚನ್ನು ಅವಳು ಯಾರಿಗೂ ಹೇಳದೆ ಕೊರೆದಿಟ್ಟಿದ್ದಳು. ಅವಳ ಕೇರಿಯವರೆಲ್ಲ ಕೈ ಕಟ್ಟಿಕೊಂಡು, ಏನೂ ಮಾಡದೆ, ಆ ಪೆಟ್ಟು ಮುಗಿಯುವವರೆಗೆ ಸುಮ್ಮನೆ ನಿಂತರು. ಅಭ್ಯಾಸವಿರಲಿಲ್ಲ, ಪಾಪ. ಆದರೂ ನಿಂತರು.

ಮನೆಗೆ ಹಿಂದಿರುಗುವಾಗ ತೆಂಕಣ ಕೇರಿಯ ಕಟ್ಟೆಯ ಹತ್ತಿರ ಮುದುಕ ಎದ್ದು ನಿಂತಿದ್ದ. ಅವನು ಎದ್ದು ನಿಂತದ್ದನ್ನು ಊರು ಕಂಡೇ ಇರಲಿಲ್ಲ.

"ತಾಯಿ, ನನ್ನ ಹತ್ರ ಒಂದು ಪದ ಇದೆ," ಎಂದ. "ಏನು ಕೆಲಸಕ್ಕೆ ಅಂತ ನನಗೂ ಗೊತ್ತಿಲ್ಲ. ನಮ್ಮಜ್ಜ ಈ ಕಟ್ಟೆಯ ಗೂಡಿನ ಮುಂದೆ ಬಡೀತಿದ್ದ. ಅದಕ್ಕೆ ಇನ್ನೊಂದು ಕಿವಿ ಆಗತ್ತಾ?"

"ಎರಡು ಕಡೆಯೂ ತುಂಬಿದೆಯಲ್ಲಪ್ಪ, ಮೂರನೇದನ್ನ ಎಲ್ಲಿ ಇಡ್ತಾಳೆ?" ಎಂದಳು ತೂಬಿನಮ್ಮ.

"ತಲೆಯ ಹಿಂದೆ ಜಡೆ ಬರೋ ಜಾಗ ಖಾಲಿ ಇದೆ ಅತ್ತೆ," ಎಂದಳು ಗೊಂಬೆಗಾರ್ತಿ. ಆಗಲೇ ಅವಳ ಬೆರಳುಗಳು ಗಾಳಿಯಲ್ಲಿ ಕಚ್ಚು ಕೊರೆಯುತ್ತಿದ್ದವು. ಗೂಡು ಎಷ್ಟು ಆಳವಿದೆ ನೋಡೋಣವೆಂದು ಬಗ್ಗಿದಳು. ಒಳಗೆ ಹುಲ್ಲಿನ ಗೂಡು. ಅದರಲ್ಲಿ ಇನ್ನೂ ರೆಕ್ಕೆ ಬಲಿಯದ ಗುಬ್ಬಿಮರಿಗಳು, ಬಾಯಿ ತೆರೆದುಕೊಂಡು.

ಮೊದಲಿನ ಹಾಗಿದ್ದರೆ ಗೊಂಬೆಗಾರ್ತಿ ಅವನ್ನೆತ್ತಿ ಪಕ್ಕದ ಮನೆಯ ಸೂರಿಗೆ ಇಟ್ಟು, ಅವತ್ತೇ ಅಳತೆ ತೆಗೆದುಬಿಡುತ್ತಿದ್ದಳು. ಈಗ ಅವಳು ಮೆಲ್ಲಗೆ ಹಿಂದೆ ಸರಿದು, ಕಟ್ಟೆಯ ಮೇಲೆ ಮುದುಕನ ಪಕ್ಕದಲ್ಲಿ ಕೂತಳು.

"ಪದ ಬಡೀರಿ, ಕೇಳ್ತೀನಿ," ಎಂದಳು. "ಇವು ಹಾರಿಹೋಗೋ ತನಕ ಸಮಯ ಇದೆ."